ಎಲ್ಲರಿಗೂ ಅವೇ ಐದು ಪ್ರಶ್ನೆ

ನಮ್ಮ ಮೇಡಂ ಅವರಿಗೆ ಮುಖ ನೋಡಿ ಮನುಷ್ಯರನ್ನು ಅಳೆಯುವ ಶಕ್ತಿ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಆ ಶಕ್ತಿ ತಮಗಿದೆ ಎಂದುಕೊಂಡವರನ್ನು ನಂಬುತ್ತಲೂ ಇರಲಿಲ್ಲ. ಲಿಫ್ಟ್ ದುರಸ್ತಿ ಮಾಡುವ ನಮ್ಮ ಕಂಪನಿಯಲ್ಲಿ ನೇಮಕಾತಿಗೊಂದು ಕ್ರಮ ತಂದವರು ಯಾರೆಂದು ಕೇಳಿದರೆ, ಇಂದು ನಿವೃತ್ತರಾಗುತ್ತಿರುವ ಈ ಹಿರಿಯರತ್ತಲೇ ಎಲ್ಲರೂ ಕೈ ತೋರಿಸುತ್ತಾರೆ.

ಅವರು ಬರುವ ಮೊದಲು ಸಂದರ್ಶನವೆಂದರೆ ಕಂಪನಿಯ ಯಜಮಾನರ ಜೊತೆ ಒಂದು ಲೋಟ ಚಹಾ. ಯಾರ ಮಗ, ಯಾವ ಬೀದಿ ಎಂದು ಮಾತು ಹರಿದು, ಲೋಟ ಖಾಲಿಯಾಗುವಷ್ಟರಲ್ಲಿ ಹುಡುಗ ಹಿಡಿಸಿದರೆ ಕೆಲಸ ಸಿಕ್ಕಂತೆ. ಮೇಡಂ ಮೊದಲು ಚಹಾ ನಿಲ್ಲಿಸಿದರು. ಎಲ್ಲರಿಗೂ ಅವೇ ಐದು ಪ್ರಶ್ನೆ, ಅದೇ ಕ್ರಮದಲ್ಲಿ. ಒಳ್ಳೆಯ ಉತ್ತರ ಯಾವುದು, ಅಪಾಯದ ಉತ್ತರ ಯಾವುದು ಎಂದು ಹಿರಿಯ ಮೆಕ್ಯಾನಿಕ್ ಜೊತೆ ಕುಳಿತು ಮೊದಲೇ ನಿಶ್ಚಯಿಸಿರುತ್ತಿದ್ದರು. ಯಜಮಾನರು, ಹಿರಿಯ ಮೆಕ್ಯಾನಿಕ್, ಮೇಡಂ, ಹೀಗೆ ಕೇಳುವ ಮೂವರೂ ತಮ್ಮತಮ್ಮ ಅಂಕ ಹಾಕಿ ಹಾಳೆ ಬೋರಲಿಡಬೇಕು; ಕೊನೆಯ ಅಭ್ಯರ್ಥಿ ಮೆಟ್ಟಿಲಿಳಿಯುವವರೆಗೆ ಯಾರ ಬಗ್ಗೆಯೂ ತುಟಿ ಬಿಚ್ಚುವಂತಿಲ್ಲ. ಪರೀಕ್ಷೆ ಅವರಿಗೋ ನಮಗೋ ಎಂದು ಯಜಮಾನರು ಗೊಣಗುತ್ತಿದ್ದರಂತೆ.

ನಾನು ಆ ಕೋಣೆಗೆ ಹೋದದ್ದು ಏಳು ವರ್ಷಗಳ ಹಿಂದೆ. ಇದ್ದದ್ದು ಒಂದೇ ಹುದ್ದೆ. ಕುರ್ಚಿಯ ಒಂದು ಕಾಲಿನಡಿ ಮಡಚಿದ ರಟ್ಟು ಇಟ್ಟಿದ್ದರು. ಆದರೂ ಅದು ಅಲುಗಾಡುತ್ತಿತ್ತು. ಮೂರನೆಯ ಪ್ರಶ್ನೆ: ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿದೆ, ಒಳಗೊಬ್ಬರು ಸಿಕ್ಕಿಕೊಂಡಿದ್ದಾರೆ, ಮೊದಲು ಏನು ಮಾಡುತ್ತೀರಿ? ಒಳಗಿನವರ ಜೊತೆ ಮಾತಾಡುತ್ತೇನೆ, ನೀವಾಗಿ ಬಾಗಿಲು ತೆಗೆಯಬೇಡಿ ಎನ್ನುತ್ತೇನೆ, ಆಮೇಲೆ ಮೇನ್ ಆಫ್ ಮಾಡುತ್ತೇನೆ ಎಂದೆ. ಮೇಡಂ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡು ಹೊರಬಂದೆ.

ನನ್ನ ನಂತರ ಒಳಹೋದವನು ಮೇಡಂ ಅವರ ಅಕ್ಕನ ಮಗ. ಅವನ ಸರದಿ ಬಂದಾಗ ಮೇಡಂ ತಮ್ಮ ಜಾಗವನ್ನು ಸ್ಟೋರ್ ಮ್ಯಾನೇಜರಿಗೆ ಬಿಟ್ಟು, ಹೊರಗೆ ನಾನಿದ್ದ ಬೆಂಚಿಗೆ ಬಂದು ಕುಳಿತರು.

ಒಳಗೆ ನಡೆದದ್ದನ್ನು ಮುಂದೆ ಹಿರಿಯ ಮೆಕ್ಯಾನಿಕ್ ಹೇಳಿದರು. ಮೂರನೆಯ ಪ್ರಶ್ನೆಗೆ ಆ ಹುಡುಗ, ರಾಡ್ ಹಾಕಿ ಬಾಗಿಲು ಮೀಟಿ ಅವರನ್ನು ಎಳೆದುಬಿಡುತ್ತೇನೆ ಎಂದನಂತೆ. ಅಪಾಯದ ಉತ್ತರ. ಆದರೂ ಕೊನೆಗೆ ಯಜಮಾನರು ಮೇಡಂ ಅವರನ್ನು ಒಳಗೆ ಕರೆದು, "ನಿಮ್ಮ ಹುಡುಗನ್ನೇ ತಗೊಳ್ಳೋಣ ಬಿಡಿ. ಚುರುಕಾಗಿದ್ದಾನೆ" ಎಂದರು.

"ಯಾವ ಉತ್ತರದಲ್ಲಿ ಚುರುಕು, ಸರ್?"

ಕೆಲಸ ನನಗಾಯಿತು.

ಆಯ್ಕೆಯಾಗದವರಿಗೂ ಎಲ್ಲಿ ಎಡವಿದರೆಂದು ತಾವೇ ತಿಳಿಸುವುದು ಮೇಡಂ ಅವರ ಪದ್ಧತಿ. ಆ ಸಂಜೆ ಅಕ್ಕನ ಮನೆಗೆ ಹೋದದ್ದೂ ಅದಕ್ಕೇ. ತಾಯಿ ಹೋದ ಮೇಲೆ ಇವರನ್ನು ಸಾಕಿದ ಅಕ್ಕ. ಬಾಗಿಲಲ್ಲೇ ನಿಲ್ಲಿಸಿ, "ನಿನಗೆ ಜಡೆ ಹಾಕಿದ ಕೈ ಕಣೇ ಇದು. ನನ್ನ ಮಗನಿಗೆ ಅಂಕ ಹಾಕಿಸ್ತೀಯಾ? ಇನ್ನು ಈ ಕಡೆ ಬರಬೇಡ" ಎಂದರಂತೆ. ಮೇಡಂ ಇದನ್ನು ನನಗೆ ಒಮ್ಮೆ ಮಾತ್ರ ಹೇಳಿದರು, ಊಟದ ಡಬ್ಬಿ ತೊಳೆಯುತ್ತಾ.

ಈಗ ಪ್ರಶ್ನೆ ಕೇಳುವವರ ಆ ಮೂರು ಕುರ್ಚಿಗಳಲ್ಲೊಂದು ನನ್ನದು. ಹಾಳೆ ಬೋರಲಿಡುವಾಗಲೆಲ್ಲ ಆ ಬೆಂಚಿನ ಮೇಲೆ ಮಡಿಲಲ್ಲಿ ಕೈಯಿಟ್ಟು ಗೋಡೆ ನೋಡುತ್ತಿದ್ದ ಮೇಡಂ ನೆನಪಾಗುತ್ತಾರೆ. ಅವರು ಬಹುಕಾಲ ಬಾಳಲಿ. ಹೊಸಬರನ್ನು ಆರಿಸುವ ದಿನ ಬಂದು, ಹಾಳೆ ಬೋರಲಿಡಿ ಎಂದು ನಮ್ಮನ್ನು ಗದರಿಸುತ್ತಿರಲಿ.

ಅವರು ಆರಿಸಿದವರು ದುರಸ್ತಿ ಮಾಡಿದ ಲಿಫ್ಟುಗಳಲ್ಲಿ ಇಂದಿನವರೆಗೆ ಒಂದು ಜೀವವೂ ಹೋಗಿಲ್ಲ. ಮೇಡಂ ಕಳೆದುಕೊಂಡದ್ದು ಒಬ್ಬ ಅಕ್ಕನನ್ನು.