ಹೊಸ ತಗಡಿನ ಮೇಲೆ ಹಳೇ ಚಪ್ಪಲಿ

ಮಿತ್ರರೇ, ಮೈಯೆಲ್ಲ ಉರಿಯುತ್ತಿದೆ. ಊರೂರು ಸುತ್ತಿ ಅದರಲ್ಲೇ ಮಲಗಲೆಂದು ಹಳೇ ಟ್ರಾಲಿಯ ಮೇಲೆ ನಾನೇ ಪುಟ್ಟ ಮನೆ ಕಟ್ಟಿದ್ದೇನಲ್ಲ, ಅದರ ಚಾವಣಿಗೆ ಇವತ್ತು ಕುಪವಾಡದಿಂದ ತಂದ ತಗಡು ಹೊದಿಸಿದೆ. ಪ್ರತಿ ಸ್ಕ್ರೂಗೂ ರಬ್ಬರ್ ವಾಷರ್ ಹಾಕಿ, ಮೇಲೆ ನೀರು ಸುರಿದು ನೋಡಿದೆ. ಒಂದು ಹನಿಯೂ ಸೋರಲಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಕಾಕಾ ಮೇಲೆ ಹತ್ತಿ, ತಗಡಿನ ನಟ್ಟನಡುವೆ ಡ್ರಿಲ್‌ನಿಂದ ತೂತು ಕೊರೆದು, ತಂತಿಯಲ್ಲಿ ಹಳೇ ಚಪ್ಪಲಿ ಕಟ್ಟಿದ್ದರು!

"ಏನ್ ಮಾಡೀರಿ ಕಾಕಾ ಇದು?" ಎಂದು ಚೀರಿದೆ.

"ಹೊಸಾ ಗಾಡಿ ಐತಿ. ಮಂದಿ ಕೆಟ್ಟ ನದರ ಬಡೀಬಾರದಂತ ಕಟ್ಟೇನಿ."

ಸಂಜೆ ಮಳೆ ಬಂತು. ಆ ತೂತಿನಿಂದ ನೀರು ನೇರ ನನ್ನ ಹೊಸ ಹಾಸಿಗೆಗೆ ಇಳಿಯಿತು. ಕಾಕಾ ಬಾಗಿಲಲ್ಲಿ ನಿಂತು ತಲೆಯಾಡಿಸಿದರು.

"ನಾ ಹೇಳಿದ್ನಿಲ್ಲೋ? ಯಾರದೋ ನದರ ಬಡದೈತಿ ನೋಡು."

ಈಗ ಅದರ ಜೋಡಿ ಚಪ್ಪಲಿ ಹುಡುಕುತ್ತಿದ್ದಾರೆ. ಡ್ರಿಲ್ ನಾನು ಬಚ್ಚಿಟ್ಟಿದ್ದೇನೆ.