ಐವತ್ತಕ್ಕೆ ನಲವತ್ತೆಂಟು

ತಾರಸಿಯಲ್ಲಿ ಗಿಡ ಬೆಳೆಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತು, ಕುಂಡ ಕೊಳ್ಳಬೇಡಿ. ಪೀಣ್ಯದ ಗುಜರಿ ಅಂಗಡಿಗಳಲ್ಲಿ ಪೇಂಟಿನ ಬಕೆಟ್ಟುಗಳು ರಾಶಿ ಬಿದ್ದಿರುತ್ತವೆ. ಬೆಲೆ ಕೇಳಿ, ಬೇಡ ಅಂತ ನಾಲ್ಕು ಹೆಜ್ಜೆ ನಡೆಯಿರಿ, ಅವನೇ ಕರೆಯುತ್ತಾನೆ. ತಳಕ್ಕೆ ಕಾದ ಕಬ್ಬಿಣದಲ್ಲಿ ನಾಲ್ಕು ತೂತು ಮಾಡಿದರೆ ಆಯಿತು. ಬೀಜವನ್ನೂ ಕೊಳ್ಳಬೇಡಿ. ಮೆಂತ್ಯ, ಕೊತ್ತಂಬರಿ ಅಡುಗೆಮನೆ ಡಬ್ಬಿಯಲ್ಲೇ ಇದೆ.

ನನಗೇನೂ ಗಿಡದ ಹುಚ್ಚು ಇರಲಿಲ್ಲ. ಇಪ್ಪತ್ತು ವರ್ಷ ಪೀಣ್ಯದಲ್ಲಿ ಕ್ಯಾಂಟೀನ್ ನಡೆಸಿದವಳು. ಬೇವಿನ ಮರದ ಕೆಳಗೆ ಒಂದು ಸ್ಟೌ, ಒಂದು ಇಡ್ಲಿ ಪಾತ್ರೆ ಇಟ್ಟು ಶುರು ಮಾಡಿ, ಕೊನೆಗೆ ಎಂಟು ಫ್ಯಾಕ್ಟರಿಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದೆ. ರುಚಿ ನೋಡಿ ನೋಡಿಯೇ ಮೈ ಬಂದಿತ್ತು. ಅದಕ್ಕೆ ನಾಚಿಕೆಯೂ ಇರಲಿಲ್ಲ. ದಪ್ಪ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತರೆ ತರಕಾರಿಯವನು ಜಾಸ್ತಿ ಮಾತಾಡಲ್ಲ.

ಆಮೇಲೆ ನನ್ನ ತಂಗಿಯ ಎರಡೂ ಕಿಡ್ನಿ ಕೆಟ್ಟವು. ಅವಳೂ ಅವಳ ಗಂಡನೂ ಮಾಕಳಿಯಲ್ಲಿ ನನ್ನ ಮನೆಯ ಕೆಳಗಿನ ಭಾಗದಲ್ಲೇ ಇದ್ದರು. ವಾರಕ್ಕೆ ಮೂರು ಸಲ ಆಟೋದಲ್ಲಿ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದಳು. ಗಂಡನ ರಕ್ತದ ಗುಂಪು ಹೊಂದಲಿಲ್ಲ, ನನ್ನದು ಹೊಂದಿತು. ಒಂದು ಕಿಡ್ನಿ ನಾನು ಕೊಡುವುದು ಅಂತ ಆಯಿತು. ಡಾಕ್ಟರು ನನ್ನನ್ನು ತೂಕಕ್ಕೆ ನಿಲ್ಲಿಸಿದರು. ಎಂಬತ್ತನಾಲ್ಕು. ಎಪ್ಪತ್ತಕ್ಕೆ ಇಳಿಯದೆ ಮುಟ್ಟುವುದಿಲ್ಲ ಎಂದರು.

"ಎಪ್ಪತ್ತೈದಕ್ಕೆ ಮುಗಿಸಿ ಸಾರ್," ಎಂದೆ.

"ಇದು ಮಾರ್ಕೆಟ್ ಅಲ್ಲಮ್ಮ. ನಿಮ್ಮ ಜೀವಕ್ಕೂ ನಾನೇ ಉತ್ತರ ಹೇಳಬೇಕು."

ಪಕ್ಕದಲ್ಲಿ ಕೂತಿದ್ದ ತಂಗಿ ನಕ್ಕಳು. "ಬೇಜಾರು ಮಾಡ್ಕೋಬೇಡಿ ಸಾರ್. ಇವಳು ದೇವರ ಹುಂಡಿ ಹತ್ರಾನೂ ಚೌಕಾಸಿ ಮಾಡ್ತಾಳೆ."

ಅಡುಗೆಯ ಪಕ್ಕ ಇದ್ದರೆ ನನ್ನ ಬಾಯಿ ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಕ್ಯಾಂಟೀನನ್ನು ಬೇರೆಯವರಿಗೆ ವಹಿಸಿ ಮನೆಯಲ್ಲಿ ಕೂತೆ. ಅಲ್ಲಿಂದ ತಂದದ್ದು ಒಂದೇ ವಸ್ತು, ತರಕಾರಿ ಮೂಟೆ ತೂಗುವ ಎಲೆಕ್ಟ್ರಾನಿಕ್ ಮಷೀನು. ಅದನ್ನು ತಾರಸಿಯ ಶೀಟಿನ ಕೆಳಗೆ ಇಟ್ಟೆ. ಮೊದಲ ದಿನ ನಿಂತಾಗ ಎಂಬತ್ತೂವರೆ ತೋರಿಸಿತು. ಆಸ್ಪತ್ರೆಯಲ್ಲಿ ಚಪ್ಪಲಿ, ಬ್ಯಾಗು ಸಮೇತ ನಿಲ್ಲಿಸಿದ್ದರಲ್ಲ, ಅದಕ್ಕೇ ಅಂದುಕೊಂಡೆ.

ತೂಕ ಇಳಿಸುವುದಕ್ಕೆ ನಾನು ಮಾಡಿದ್ದು ಇಷ್ಟು. ತಾರಸಿಯ ಟ್ಯಾಂಕಿನಿಂದ ಪೈಪು ಎಳೆಸಲಿಲ್ಲ. ಕೆಳಗಿನ ಸಂಪಿನಿಂದ ಎರಡು ಮಹಡಿ ಬಕೆಟ್ಟಿನಲ್ಲಿ ನೀರು ಹೊತ್ತೆ, ಬೆಳಿಗ್ಗೆ ಹತ್ತು, ಸಂಜೆ ಹತ್ತು. ಹರಿವೆ, ದಂಟು, ಪಾಲಕ್ ಹಾಕಿದೆ, ಗುಜರಿಯಿಂದ ತಂದ ಹಳೇ ಕಿಟಕಿ ಗ್ರಿಲ್ಲಿಗೆ ಬಸಳೆ ಹಬ್ಬಿಸಿದೆ. ಮುದ್ದೆ ನಿಂಬೆಹಣ್ಣಿನಷ್ಟು, ಸೊಪ್ಪು ತಟ್ಟೆ ತುಂಬ. ಹರಿವೆಯನ್ನು ಬೇರುಸಹಿತ ಕೀಳಬೇಡಿ, ಕತ್ತರಿಸಿ. ಮತ್ತೆ ಚಿಗುರುತ್ತದೆ. ಮೊದಲ ತಿಂಗಳು ಹಸಿವಿಗೆ ಸಿಟ್ಟು ಬರುತ್ತದೆ, ಎರಡನೇ ತಿಂಗಳು ಅದೂ ಬರುವುದಿಲ್ಲ.

ಡಯಾಲಿಸಿಸ್ ಮುಗಿಸಿ ಬಂದ ದಿನಗಳಲ್ಲಿ ತಂಗಿ ಕಂಬಿ ಹಿಡಿದುಕೊಂಡು ನಿಧಾನಕ್ಕೆ ಮೇಲೆ ಹತ್ತಿ ಬಂದು ಕೂರುತ್ತಿದ್ದಳು. ಅವಳಿಗೆ ದಿನಕ್ಕೆ ಒಂದು ಲೀಟರ್ ನೀರು ಅಷ್ಟೇ. ಸೊಪ್ಪನ್ನೂ ಮಿತಿಯಲ್ಲಿ ತಿನ್ನಬೇಕು ಅಂದಿದ್ದರು.

"ಬಸಳೆಗೆ ಬಕೆಟ್ಟು, ನಂಗೆ ಲೋಟ," ಅನ್ನುತ್ತಿದ್ದಳು. "ಮುಂದಿನ ಸಲ ನಿನ್ ತಾರಸೀಲಿ ಬಸಳೆಯಾಗಿ ಹುಟ್ತೀನಿ ಕಣಕ್ಕ."

"ಹುಟ್ಟು. ಕುಯ್ದು ಸಾರು ಮಾಡ್ತೀನಿ."

ಹಾಗೆ ಬಂದ ಒಂದು ದಿನ ಸುಮ್ಮನೆ ಮಷೀನಿನ ಮೇಲೆ ನಿಂತಳು.

"ಅಕ್ಕ, ಇದು ನಲವತ್ತೆಂಟು ಅಂತಿದೆ. ಸೆಂಟರಲ್ಲಿ ಈಗ ತಾನೇ ಐವತ್ತು ಬಂತು."

"ಆಟೋದಲ್ಲಿ ಬೆವರಿರ್ತೀಯ."

"ಎರಡು ಕೆಜಿ ಬೆವರಾ?"

"ಅವರ ಮಷೀನ್ ಹಳೇದಿರುತ್ತೆ. ಕೂತ್ಕೋ ಸುಮ್ನೆ."

ಅವಳು ಕೂತಳು. ಡಯಾಲಿಸಿಸ್‌ಗೆ ಮೊದಲೊಂದು ಸಲ, ಆದಮೇಲೊಂದು ಸಲ ಅವಳನ್ನು ತೂಗುತ್ತಾರೆ. ತನ್ನ ತೂಕ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೀದಿಯಲ್ಲೇ ಯಾರೂ ಇರಲಿಲ್ಲ. ಆದರೂ ಮತ್ತೆ ಆ ಮಾತು ಎತ್ತಲಿಲ್ಲ.

ಐದು ತಿಂಗಳಿಗೆ ನನ್ನ ಮಷೀನು ಅರವತ್ತೊಂಬತ್ತೂವರೆ ತೋರಿಸಿತು. ಅಂದೇ ಫೋನ್ ಮಾಡಿ ಆಸ್ಪತ್ರೆಗೆ ದಿನ ಗೊತ್ತು ಮಾಡಿಕೊಂಡೆ. ಅಲ್ಲಿ ಚಪ್ಪಲಿ ಬಿಟ್ಟು, ಬ್ಯಾಗನ್ನು ತಂಗಿಯ ಕೈಗೆ ಕೊಟ್ಟು ನಿಂತೆ. ಎಪ್ಪತ್ತೆರಡೂವರೆ. ಇಳಿದು ಮತ್ತೆ ಹತ್ತಿದೆ. ಅಷ್ಟೇ ಇತ್ತು.

ತಾರಸಿಯ ಮಷೀನನ್ನು ತಿದ್ದಿಸಿದ್ದು ನಾನೇ. ತರಕಾರಿ ಕೊಳ್ಳುವಾಗ ಐವತ್ತು ಕೆಜಿ ಇಟ್ಟರೆ ನಲವತ್ತೆಂಟು ತೋರಿಸಬೇಕು ಅಂತ ರಿಪೇರಿಯವನಿಗೆ ಹೇಳಿ ಮಾಡಿಸಿದ್ದೆ. ಮೂಟೆಗೆ ಎರಡು ಕೆಜಿ ಉಳಿಯುತ್ತಿತ್ತು. ಮಾಡಿಸಿ ಎಷ್ಟೋ ವರ್ಷವಾಗಿತ್ತು, ಅದು ಹಾಗೇ ಅಭ್ಯಾಸವಾಗಿಹೋಗಿತ್ತು. ಮರೆತಿದ್ದೆ ಅಂತ ಬರೆದರೆ ನಡೆಯುತ್ತದೆ. ಆದರೆ ತಂಗಿ ನಲವತ್ತೆಂಟು ಅಂದ ದಿನ ನೆನಪು ಬಂದಿತ್ತು. ಅಷ್ಟು ಕಷ್ಟಪಟ್ಟು ಇಳಿಸಿದ ತೂಕಕ್ಕೆ ಮತ್ತೆ ಮೂರು ಕೆಜಿ ಸೇರಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಆ ಯೋಚನೆಯನ್ನು ಅಲ್ಲೇ ಬಿಟ್ಟು ನೀರು ಹೊರಲು ಹೋದೆ.

"ಎರಡೂವರೆ ಕೆಜಿಗೆ ನಿಲ್ಲಿಸ್ತೀರಾ ಸಾರ್?" ಎಂದು ಡಾಕ್ಟರನ್ನು ಕೇಳಿದೆ.

"ಸಕ್ಕರೆಯೂ ಅಂಚಿನಲ್ಲಿದೆ. ಒಂದು ತಿಂಗಳು ಬಿಟ್ಟು ಬನ್ನಿ, ಆಮೇಲೆ ಅನುಮತಿ ಕೊಡೋ ಕಮಿಟಿಗೆ ಫೈಲ್ ಕಳಿಸೋಣ."

ಹೊರಗೆ ಬಂದಾಗ ತಂಗಿ ಬ್ಯಾಗನ್ನು ವಾಪಸ್ ಕೊಟ್ಟಳು. "ಯಾಕಕ್ಕ, ಇವರ ಮಷೀನೂ ಹಳೇದಾ?" ಎಂದಳು. ನಗುತ್ತಲೇ ಹೇಳಿದಳು. ನಾನು ಆಟೋ ಕರೆದೆ.

ಅಲ್ಲಿಂದ ಮುಂದೆ ಮೆಡಿಕಲ್ ಶಾಪಿನ ಮಷೀನಿನಲ್ಲಿ ತೂಕ ನೋಡಿಕೊಂಡೆ. ಮೂರನೇ ವಾರ ತಂಗಿಗೆ ಚಳಿಜ್ವರ ಬಂತು. ಡಯಾಲಿಸಿಸ್‌ಗೆ ಕತ್ತಿನಲ್ಲಿ ಹಾಕಿದ್ದ ನಳಿಕೆಯಿಂದ ರಕ್ತಕ್ಕೆ ಸೋಂಕು ಹತ್ತಿತ್ತು. ಐದು ದಿನ ಐಸಿಯುನಲ್ಲಿ ಇದ್ದಳು. ಆರನೇ ದಿನ ಬೆಳಿಗ್ಗೆ ನಾನು ಅರವತ್ತೊಂಬತ್ತು ಮುಕ್ಕಾಲು ಇದ್ದೆ. ಅದನ್ನು ಅವಳಿಗೆ ಹೇಳೋಣ ಅಂತ ಸಂಜೆ ಹೋಗುವವಳಿದ್ದೆ. ಮಧ್ಯಾಹ್ನ ತಾರಸಿಯಲ್ಲಿದ್ದಾಗ ಅವಳ ಗಂಡ ಫೋನ್ ಮಾಡಿ, "ಹೋದ್ಳು ಅಕ್ಕ," ಎಂದ. ಕೈಯಲ್ಲಿದ್ದ ಬಕೆಟ್ಟಿನಲ್ಲಿ ಅರ್ಧ ನೀರಿತ್ತು. ದಂಟಿಗೆ ಹಾಕಿ ಕೆಳಗಿಳಿದೆ.

ಹೋದ ತಿಂಗಳೇ ಆಪರೇಷನ್ ಆಗಿದ್ದರೆ ಅಂತ ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ, ಆಪರೇಷನ್ ಆದವರಿಗೂ ಸೋಂಕು ಬರುತ್ತದೆ ಎಂದರು.

ಹನ್ನೊಂದನೇ ದಿನದ ಊಟಕ್ಕೆ ಬಂದ ನೆಂಟರೆಲ್ಲ ನನ್ನನ್ನು ನೋಡಿ ಏನು ತಿಂದೆ, ಹೇಗೆ ಇಳಿಸಿದೆ ಅಂತ ಕೇಳಿದರು. ಮುದ್ದೆಯ ಗಾತ್ರ ಹೇಳಿದೆ. ಇಬ್ಬರಿಗೆ ಹರಿವೆ ಬೀಜ ಕಟ್ಟಿಕೊಟ್ಟೆ. ತಂಗಿಯ ಗಂಡ ಎಲ್ಲರಿಗೂ, "ಅಕ್ಕ ಅವಳಿಗೋಸ್ಕರ ಹದಿನಾಲ್ಕು ಕೆಜಿ ಇಳಿಸಿದ್ರು," ಎಂದು ಹೇಳುತ್ತಾ ಬಡಿಸಿದ. ಅಳು ಬರುತ್ತದೇನೋ ಅಂತ ನಾನು ಕಾದೆ. ಬರಲಿಲ್ಲ.

ನೀರು ಹೊರುವುದನ್ನು ನಿಲ್ಲಿಸಲಿಲ್ಲ. ಒಬ್ಬಳಿಗೆ ಅಷ್ಟು ಸೊಪ್ಪು ಬೇಡ, ದಿನಾ ಸಂಜೆ ಒಂದು ಕಟ್ಟು ಅವನ ಬಾಗಿಲಲ್ಲಿ ಇಡುತ್ತಿದ್ದೆ. ಅವನು ತೆಗೆದುಕೊಂಡು ಏನಾದರೂ ಬೇಯಿಸಿಕೊಳ್ಳುತ್ತಿದ್ದ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಟ್ಯಾಂಕ್ ನೋಡಲು ಮೇಲೆ ಬಂದವನು ಮಷೀನಿನ ಮೇಲೆ ನಿಂತ.

"ನಾನೂ ಇಳಿದುಬಿಟ್ಟಿದೀನಿ ಅಕ್ಕ. ಅರವತ್ತು ಅಂತಿದೆ."

"ಇಳಿದಿಲ್ಲ," ಎಂದೆ. "ಅದು ಕಮ್ಮಿ ತೋರಿಸುತ್ತೆ."

"ಎಷ್ಟು?"

"ಐವತ್ತಕ್ಕೆ ಎರಡು."

ಅವನು ಮತ್ತೆ ಅಂಕಿ ನೋಡಿದ. "ಯಾವಾಗಿಂದ?"

"ಕ್ಯಾಂಟೀನಿನಲ್ಲಿದ್ದಾಗಿಂದ. ನಾನೇ ಮಾಡಿಸಿದ್ದು."

"ಅವಳಿಗೆ ಗೊತ್ತಿತ್ತಾ?"

"ಅವಳೇ ಮೊದಲು ಹೇಳಿದ್ದು."

ಅವನು ಮಷೀನಿನಿಂದ ಇಳಿದ. ಟ್ಯಾಂಕ್ ನೋಡದೆ ಮೆಟ್ಟಿಲಿಳಿದು ಹೋದ.

ಅಂದು ಸಂಜೆಯೂ ಹರಿವೆ ಕುಯ್ದು ಅವನ ಬಾಗಿಲಲ್ಲಿ ಇಟ್ಟೆ. ಬೆಳಿಗ್ಗೆ ಮೊದಲ ಬಕೆಟ್ಟಿಗೆ ಇಳಿದಾಗ ಕಟ್ಟು ಅಲ್ಲೇ ಇತ್ತು. ಕುಯ್ದ ಹರಿವೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಬಾಡುತ್ತದೆ. ನಾನು ಸುತ್ತಿರಲಿಲ್ಲ. ಅವನೇ ತೆಗೆದುಕೊಳ್ಳುತ್ತಾನಲ್ಲ ಅಂತ.