ಎರಡು ಜಪಾನುಗಳ ನಡುವೆ ವೀರಭದ್ರಮ್ಮ

ವೀರಭದ್ರಮ್ಮನ ಗಂಡ ತೀರಿಕೊಂಡಾಗ ಮೈದುನಂದಿರೆಲ್ಲ ಸೇರಿ ಬುದ್ಧಿ ಹೇಳಿದ್ದರು. "ವೈನಿ, ರೈಸ್ ಮಿಲ್ಲು ಹೆಂಗಸರ ಕೈಯಾಗ ನಡಿಯೋದಲ್ಲ. ಲೀಜಿಗೆ ಕೊಟ್ಟು ಆರಾಮ ಮನ್ಯಾಗಿರ್ರಿ." ಆಕೆ ಎಲ್ಲರ ಮಾತೂ ಕೇಳಿದಳು. ದಿನಕರ್ಮ ಮುಗಿದ ಮರುದಿನ ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ಮಾನ್ವಿಯ ತನ್ನ ಮಿಲ್ಲಿಗೆ ನಡೆದು ಹೋಗಿ ಗಂಡ ಕೂಡುತ್ತಿದ್ದ ಗಾದಿಯ ಮೇಲೆ ಕುಳಿತಳು. ಮಗ ಬಸವಪ್ರಸಾದ ಆಗಿನ್ನೂ ಕಾಲೇಜಿನಲ್ಲಿದ್ದ.

ಸಣ್ಣ ಮಿಲ್ಲುಗಳಲ್ಲಿ ಅಕ್ಕಿ ಆರಿಸುವ ಜಪಾನಿನ ಸಾರ್ಟರ್ ಮೊದಲು ತಂದವಳೂ ಆಕೆಯೇ. ಅಕ್ಕಿ ಮೇಲಿನಿಂದ ಪರದೆಯಂತೆ ಇಳಿಯುವಾಗ ಅದರೊಳಗಿನ ಕ್ಯಾಮೆರಾ ಒಂದೊಂದೇ ಕಾಳನ್ನು ನೋಡುತ್ತದೆ. ಕಪ್ಪು ಕಾಳು ಕಂಡ ತಕ್ಷಣ ಗಾಳಿ ಊದಿ ಹೊರಗೆ ಹಾರಿಸುತ್ತದೆ. ಈ ಮಷೀನು ಬಂದ ಮೇಲೆ ಆಕೆಯ ಸೋನಾ ಮಸೂರಿಗೆ ಹೈದರಾಬಾದಿನ ವ್ಯಾಪಾರಿಗಳು ಫೋನು ಮಾಡಿ ಕೇಳತೊಡಗಿದರು. ಅದನ್ನು ನೋಡಿ ಮಲ್ಲಟದವರು ತಂದರು, ಕಲ್ಮಲದವರು ತಂದರು. ಎಲ್ಲವೂ ಒಸಾಕಾದ ಒಂದೇ ಕಂಪನಿಯವು.

ಕೆಲವು ವರ್ಷಕ್ಕೆ ನಗೋಯಾದ ಇನ್ನೊಂದು ಕಂಪನಿ ಅದಕ್ಕೆ ಪೈಪೋಟಿಯಾಗಿ ಬಂತು. ಕಂಪನಿಗಳ ಹೆಸರಿಗೆ ನಾಲಿಗೆ ಹೊರಳದ ಮಿಲ್ಲಿನವರು ಒಸಾಕಾದ್ದನ್ನು ಹಳೇ ಜಪಾನು, ನಗೋಯಾದ್ದನ್ನು ಹೊಸ ಜಪಾನು ಎಂದು ಕರೆದರು.

ಹೊಸ ಜಪಾನಿನವರು ರಾಯಚೂರಿನ ದೊಡ್ಡ ಹೋಟೆಲಿನಲ್ಲಿ ಮಿಲ್ಲಿನವರನ್ನೆಲ್ಲ ಊಟಕ್ಕೆ ಕರೆದರು. ಹಳೇ ಜಪಾನಿನ ಸಾರ್ಟರ್ ಕೊಟ್ಟರೆ ಹೊಸದನ್ನು ಭಾರಿ ರಿಯಾಯಿತಿಯಲ್ಲಿ ಕೊಡುವುದಾಗಿ ಅವರ ಮಾರಾಟದ ಸಾಹೇಬ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ. ಚಪ್ಪಾಳೆ ಬಿತ್ತು. ವೀರಭದ್ರಮ್ಮ ಎದ್ದು ನಿಂತಳು.

"ನಮ್ಮ ಹಳೇ ಮಷೀನ್ ತೊಗೊಂಡು ಏನ್ ಮಾಡ್ತೀರಿ?"

"ಸ್ಕ್ರ್ಯಾಪ್ ಮಾಡ್ತೀವಿ, ಅಮ್ಮಾ."

"ಚಲೋ ನಡಿಯೋ ಮಷೀನ್ ಒಡದು ಹಾಕಾಕ ಯಾಕ ನುಕ್ಸಾನ ಮಾಡ್ಕೊಳ್ತೀರಿ?"

ಸಾಹೇಬ ನಕ್ಕು, "ಊಟ ರೆಡಿ ಅದ, ಬರ್ರಿ" ಎಂದ. ಕಲ್ಮಲದ ಮಿಲ್ಲಿನ ಮಾಲೀಕ ವಿರೂಪಣ್ಣ ಅಂದೇ ಒಪ್ಪಿಗೆ ಕೊಟ್ಟ.

ಕಾರಿನಲ್ಲಿ ವಾಪಸು ಬರುವಾಗ, ಓದು ಮುಗಿಸಿ ಮಿಲ್ಲು ಸೇರಿದ್ದ ಬಸವಪ್ರಸಾದ ತಾಯಿಯ ಮೇಲೆ ಸಿಟ್ಟಾದ. "ಎಲ್ಲಾರೂ ತೊಗೊಳ್ಳಾಕತ್ಯಾರ. ನೀ ಒಬ್ಬಾಕಿ ಅಡ್ಡ ಮಾತಾಡ್ತಿ."

"ದೇವದುರ್ಗದಾಗ ನಮ್ಮಪ್ಪಂದು ಹತ್ತಿ ಜಿನ್ನಿಂಗ್ ಮಿಲ್ಲಿತ್ತು, ಗೊತ್ತದ ಇಲ್ಲ ನಿನಗ?" ಎಂದಳು ವೀರಭದ್ರಮ್ಮ. "ಹೊರಗಿನ ಒಬ್ಬ ದೊಡ್ಡ ಸಾವ್ಕಾರ ಬಂದು ಎಲ್ಲಾರಕಿಂತ ಹೆಚ್ಚು ರೇಟು ಕೊಟ್ಟು ಹತ್ತಿ ಹಿಡದ. ರೈತರು ಅವನ ಕಡಿಗೇ ಹೋದ್ರು. ನಮ್ಮಂಥ ಸಣ್ಣ ಮಿಲ್ಲು ಕದ ಹಾಕಿದ ಮ್ಯಾಲ ಅವ ಹೇಳಿದ್ದೇ ರೇಟಾತು. ಈ ಹೊಸ ಜಪಾನಿನವರಿಗೂ ನಮ್ಮ ಮಷೀನ್ ಬೇಕಾಗಿಲ್ಲಪಾ. ಅದು ಇಲ್ಲದಂಗ ಆಗೋದು ಬೇಕಾಗ್ಯದ. ಮಷೀನೇ ಇಲ್ಲಂದ್ರ ಹಳೇ ಜಪಾನಿನವರು ಇಲ್ಲಿ ಯಾತಕ್ಕ ಇರ್ತಾರ? ಅವರು ಹೋದ ಮ್ಯಾಲ ಇವರ ರೇಟು ಏನಂತ ಯಾರ ಕೇಳಬೇಕು?"

ಬಸವಪ್ರಸಾದ ಕಾರಿನ ವೇಗ ಹೆಚ್ಚಿಸಿದ.

ಆಕೆ ಹೆದರಿದ್ದು ಹೊಸ ಜಪಾನಿಗೆ; ಪೆಟ್ಟು ಬಿದ್ದದ್ದು ಹಳೇ ಜಪಾನಿನಿಂದ. ರಾಯಚೂರಿನ ಅವರ ಸರ್ವಿಸ್ ಸೆಂಟರಿನಲ್ಲಿ ಸೂಫಿಯಾ ಎಂಬ ಇಂಜಿನಿಯರ್ ಹುಡುಗಿ ಇದ್ದಳು. ಸಾರ್ಟರ್ ಕೆಟ್ಟರೆ ಸ್ಕೂಟಿ ಹತ್ತಿ ಹಳ್ಳಿ ಮಿಲ್ಲಿಗೂ ಬರುವವಳು. ಒಂದು ಮಧ್ಯಾಹ್ನ ಕರೆಯದೆಯೇ ಬಂದು ಗಾದಿಯ ಎದುರು ಕುಳಿತಳು.

"ಸೆಂಟರ್ ಬಂದ್ ಮಾಡ್ಯಾರ, ಅಮ್ಮಾ. ನನ್ನ ನೌಕರಿನೂ ಹೋತು."

"ಯಾಕ?"

"ರೇಟಿನ ಪೈಪೋಟಿ ಮಾಡೋದಿಲ್ಲಂತ ಒಸಾಕಾದಾಗ ತೀರ್ಮಾನ ಆಗ್ಯದ. ಇನ್ನ ಮುಂದ ದೊಡ್ಡ ಮಿಲ್ಲಷ್ಟೇ ಅವರ ಗಿರಾಕಿ. ಹಳೇ ಮಾಡೆಲ್ಲಿಗೆ ಸ್ಪೇರ್ ಪಾರ್ಟ್ಸ್ ಕೊಡಂಗಿಲ್ಲ."

ವೀರಭದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಆ ಕಂಪನಿಯ ಪರವಾಗಿ ಊರೂರಲ್ಲಿ ಮಾತಾಡಿದ್ದು ತಾನು. ಒಬ್ಬರಿಗೆ ತನ್ನ ಮಷೀನು ಬೇಡ, ಇನ್ನೊಬ್ಬರಿಗೆ ತಾನೇ ಬೇಡ. ಚಾ ತರಿಸಿ, ಸೂಫಿಯಾಳನ್ನು ಕೇಳಿದಳು. "ಕೆಟ್ಟ ಮಷೀನಿನ ಸಾಮಾನು ಬಿಚ್ಚಿ ಚಲೋ ಮಷೀನಿಗೆ ಹಾಕಾಕ ಬರ್ತದೇನು?"

"ಬರ್ತದ. ಆದ್ರ ಬಿಚ್ಚಾಕ ಮಷೀನ್ ಬೇಕಲ್ಲ."

"ಅದು ನನ್ನ ಕೆಲಸ."

ಮರುದಿನದಿಂದ ಆಕೆ ಮಿಲ್ಲು ಮಿಲ್ಲು ತಿರುಗಿದಳು. ಬದಲಿಸಬೇಡಿರೆಂದು ಯಾರಿಗೂ ಹೇಳಲಿಲ್ಲ. "ಹೊಸಾದು ತೊಗೊಳ್ಳೋರು ತೊಗೊಳ್ರಿ. ಹಳೇದು ಮಾತ್ರ ಅವರಿಗೆ ಕೊಡಬ್ಯಾಡ್ರಿ, ನನಗ ಕೊಡ್ರಿ. ಅವರು ಎಷ್ಟು ರಿಯಾಯ್ತಿ ಬಿಡ್ತಾರೋ ಅಷ್ಟು ರೊಕ್ಕ ನಾ ಕೊಡ್ತೀನಿ." ಕೆಲವರು ಕೊಟ್ಟರು, ಕೆಲವರು ನಕ್ಕರು. ವಿರೂಪಣ್ಣನಂತೂ ಮಂದಿಯ ಎದುರೇ, "ವೀರಭದ್ರಮ್ಮಾರು ಗುಜರಿ ಅಂಗಡಿ ಇಡಾಕತ್ಯಾರ" ಎಂದ. ಮಿಲ್ಲಿನ ಹಿಂದಿನ ಖಾಲಿ ಗೋದಾಮಿನಲ್ಲಿ ಮಷೀನುಗಳು ಸಾಲಾಗಿ ನಿಂತವು. ಸೂಫಿಯಾ ಅಲ್ಲೇ ವರ್ಕ್‌ಶಾಪ್ ತೆರೆದಳು. ದುಡಿಮೆ ಅವಳದು, ಜಾಗ ವೀರಭದ್ರಮ್ಮನದು, ಲಾಭದಲ್ಲಿ ಸಮಪಾಲು.

ಬಸವಪ್ರಸಾದ ಒಂದು ತಿಂಗಳು ತಾಯಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಹಳೇ ಮಷೀನು ಇಟ್ಟುಕೊಂಡ ಮಿಲ್ಲಿನವರು ಒಬ್ಬೊಬ್ಬರಾಗಿ ರಿಪೇರಿಗೆಂದು ಬರತೊಡಗಿದ ಮೇಲೆ ತಾನೇ ಗೋದಾಮಿಗೆ ಫ್ಯಾನು ಹಾಕಿಸಿದ.

ಎರಡನೇ ಬೆಳೆಯ ಭತ್ತ ಬಂದು ಮಿಲ್ಲುಗಳೆಲ್ಲ ಹಗಲಿಡೀ ಓಡುವ ಸಮಯಕ್ಕೆ ವಿರೂಪಣ್ಣನ ಹೊಸ ಸಾರ್ಟರ್ ನಿಂತಿತು. ಬೇರೆಯವರು ಮುಟ್ಟದಂತೆ ಕಂಪನಿ ಅದರ ಸಾಫ್ಟ್‌ವೇರಿಗೆ ಲಾಕ್ ಇಟ್ಟಿತ್ತು. ಅವರ ಇಂಜಿನಿಯರ್ ಹೈದರಾಬಾದಿನಿಂದ ಬರಬೇಕು. ಅವನು ಇವತ್ತು, ನಾಳೆ ಎನ್ನುತ್ತ ಹೋದ. ಕೊನೆಗೆ ವಿರೂಪಣ್ಣ ಲಾರಿಯಲ್ಲಿ ಅಕ್ಕಿ ಹೇರಿಕೊಂಡು ಮಾನ್ವಿಗೆ ಬಂದ. ಲಾರಿ ಒಳಗೆ ಬಿಟ್ಟರೂ ಅವನು ಮಾತ್ರ ಗೇಟಿನ ಬಳಿಯೇ ನಿಂತಿದ್ದ.

"ಒಳಗ ಬರ್ರಿ, ವಿರೂಪಣ್ಣಾರ. ಗೇಲಿ ಮಾಡಿದವರಿಗೆ ಬ್ಯಾರೆ ರೇಟೇನಿಲ್ಲ ಇಲ್ಲಿ" ಎಂದಳು ವೀರಭದ್ರಮ್ಮ. ಆಳುಗಳು ನಕ್ಕರು. ವಿರೂಪಣ್ಣನೂ ನಗಬೇಕಾಯಿತು. ಅವನ ಅಕ್ಕಿ ಅಂದೇ ಸಾರ್ಟ್ ಆಗಿ ಹೋಯಿತು.

ಈ ಸುದ್ದಿ ಒಸಾಕಾ ಮುಟ್ಟಿತು. ದೊಡ್ಡ ಮಿಲ್ಲುಗಳನ್ನೇ ನಂಬಿದ್ದ ಹಳೇ ಜಪಾನಿನ ಆ ಗಿರಾಕಿಗಳಿಗೂ ಹೊಸ ಜಪಾನು ಕೈ ಹಾಕಿತ್ತು. ಸಣ್ಣ ಮಿಲ್ಲುಗಳಿಗೆ ಮತ್ತೆ ಹೊರಳಬೇಕೆಂದು ಅವರಿಗೆ ಅನಿಸಿದಾಗ, ನಿಶಿಮುರಾ ಎಂಬ ಅಧಿಕಾರಿ ಮಾನ್ವಿಯ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಬಂದಿಳಿದ. ತಲೆಬಾಗಿ ನಮಸ್ಕರಿಸಿ, ಹೊಸ ಮಾಡೆಲ್ಲಿಗೆ ನೀವೇ ಏಜೆಂಟರಾಗಬೇಕು ಎಂದು ಕೇಳಿದ. ಅವನ ಇಂಗ್ಲಿಷನ್ನು ಬಸವಪ್ರಸಾದ ಕನ್ನಡಕ್ಕೆ ತಂದ.

"ನಮ್ಮನ್ನ ನಡು ನೀರಾಗ ಕೈ ಬಿಟ್ಟು ಹೋದವರು ಈಗ ಯಾವ ಮಾರಿ ಹೊತ್ತು ಬಂದೀರಿ ಅಂತ ಕೇಳು" ಎಂದಳು ವೀರಭದ್ರಮ್ಮ.

ಬಸವಪ್ರಸಾದ ಇಂಗ್ಲಿಷಿನಲ್ಲಿ ಏನೋ ಎರಡು ಮಾತು ಹೇಳಿದ. ನಿಶಿಮುರಾ ನಗುನಗುತ್ತ ತಲೆಯಾಡಿಸಿದ.

"ನಾ ಹೇಳಿದ್ದು ನಗೋ ಮಾತಲ್ಲ. ಪೂರಾ ಹೇಳು."

ಬಸವಪ್ರಸಾದ ಸೂಫಿಯಾಳ ಕಡೆ ನೋಡಿದ. ಸೂಫಿಯಾ ಪೂರಾ ಹೇಳಿದಳು. ನಿಶಿಮುರಾನ ನಗು ನಿಂತಿತು. ಅವನು ಎದ್ದು ಈ ಸಲ ಇನ್ನೂ ಕೆಳಗೆ ಬಾಗಿದ.

"ಬಾಗೋದು ಬ್ಯಾಡ್ರಿ" ಎಂದಳು ಆಕೆ. "ಹಳೇ ಮಷೀನಿಗೆ ಸ್ಪೇರ್ ಮಾರ್ರಿ. ಅದರ ಸಾಫ್ಟ್‌ವೇರಿಗೆ ನೀವೂ ಇಟ್ಟ ಲಾಕ್ ತಗಿಯೋ ರೀತಿ ಈ ಹುಡುಗಿಗೆ ಹೇಳಿಕೊಡ್ರಿ. ಏಜೆನ್ಸಿ ಮಾತು ಆಮ್ಯಾಲ."

ಹಳೇ ಮಾಡೆಲ್ಲಿಗೆ ಸ್ಪೇರ್ ಕೊಡುವುದು ಕಂಪನಿಯ ನೀತಿಯಲ್ಲಿಲ್ಲ ಎಂದ ನಿಶಿಮುರಾ.

"ಹಂಗಾರ ಚಾ ಕುಡದು ಹೋಗ್ರಿ. ಏಜೆನ್ಸಿ ನನ್ನ ನೀತ್ಯಾಗಿಲ್ಲ."

ಅವನು ಚಾ ಕುಡಿದ. ಹೋಗುವ ಮೊದಲು ಗೋದಾಮಿನಲ್ಲಿ ಸೂಫಿಯಾಳ ಜೊತೆ ಬಹಳ ಹೊತ್ತು ಮಾತಾಡಿದ. ಏನನ್ನೂ ಒಪ್ಪಿಕೊಳ್ಳದೆ ಹೋದ. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಹಳೇ ಮಾಡೆಲ್ಲಿನ ಸ್ಪೇರು ಆರ್ಡರ್ ಹಾಕಿದರೆ ಬರತೊಡಗಿತು. ಲಾಕಿನ ವಿಷಯದಲ್ಲಿ ಕಂಪನಿ ಇನ್ನೂ ಬಾಯಿ ಬಿಟ್ಟಿಲ್ಲ. ಸೂಫಿಯಾ ಕೇಳುವುದನ್ನೂ ಬಿಟ್ಟಿಲ್ಲ. ಏಜೆನ್ಸಿ ಬೇರೆಯವರ ಪಾಲಾಯಿತು. ಅದಕ್ಕೆ ವೀರಭದ್ರಮ್ಮ ಕೊರಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಗಾದಿಯ ಕಡೆ ಬರಲಿಲ್ಲ, ಮೂರನೇ ದಿನ ಮಲ್ಲಟಕ್ಕೆ ಹೋಗಿ ಇನ್ನೊಂದು ಹಳೇ ಮಷೀನು ಕೊಂಡು ತಂದಳು.

ಹೋದ ತಿಂಗಳು ಹೊಸ ಜಪಾನಿನವರು ಮಾನ್ವಿಯಲ್ಲೇ ಷೋರೂಮು ತೆರೆದರು. ಉದ್ಘಾಟನೆಗೆ ಆಕೆ ಇಳಕಲ್ ಸೀರೆ ಉಟ್ಟು ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು. ಭಾಷಣ ಮುಗಿದದ್ದೇ ಎದ್ದು, ಈ ಮಷೀನಿಗೆ ಎಷ್ಟು ವರ್ಷ ಸ್ಪೇರ್ ಕೊಡುತ್ತೀರಿ, ಈಗಲೇ ಎಲ್ಲರೆದುರು ಹೇಳಿರಿ ಎಂದಳು. ಮಾರಾಟದ ಸಾಹೇಬ ಪೇಢೆ ಹಂಚಲು ಕೈಸನ್ನೆ ಮಾಡಿದ.

"ಪೇಢೆ ತಡೀರಿ," ಎನ್ನುತ್ತ ಹಿಂದಿನಿಂದ ವಿರೂಪಣ್ಣ ಎದ್ದು ನಿಂತ. "ಆಯಮ್ಮ ಕೇಳಿದ್ದಕ್ಕ ಮೊದಲ ಉತ್ತರ ಕೊಡ್ರಿ."

ಅವನ ಹಿಂದೆ ಇನ್ನೂ ನಾಲ್ಕಾರು ಕುರ್ಚಿ ಸರಿದ ಸದ್ದಾಯಿತು.